ಎರಡನೆಯ ಏಕಾದಶಿ

ಆಕಾಶದ ಜೊತೆ ಮಾತಾಡಬೇಕೆಂದವರು ಮೊದಲು ಸರ್ವಮಂಗಳಳ ಮೇಜಿನ ಮುಂದೆ ನಿಲ್ಲಬೇಕಿತ್ತು.

ತುಮಕೂರಿನಾಚೆ, ದೇವರಾಯನದುರ್ಗದ ಬೆಟ್ಟಸಾಲಿನ ಬುಡದಲ್ಲಿ, ಮುಗಿಲಿಗೆ ಬಾಯಿ ತೆರೆದು ನಿಂತ ಆ ಭಾರಿ ಬಿಳಿ ಆಂಟೆನಾವನ್ನು ಸುತ್ತಲಿನ ಹಳ್ಳಿಯವರು 'ಬಾಂಡ್ಲಿ' ಎನ್ನುತ್ತಿದ್ದರು. ಬಾಂಡ್ಲಿ ಒಂದು ಹೊತ್ತಿಗೆ ಒಂದೇ ಕಡೆ ನೋಡಬಲ್ಲದು. ಅದರ ನೋಟಕ್ಕಾಗಿ ಕಾದಿದ್ದವರಂತೂ ಹಲವರು: ಮಂಗಳ ಗ್ರಹದ ಬಂಡಿಯವರು, ಚಂದ್ರನ ಮೇಲೆ ಬಾವಿ ಕೊರೆಯುವವರು, ಇವರೆಲ್ಲರಿಗಿಂತ ಮಿಗಿಲಾಗಿ 'ಮಿಂಚುಳ್ಳಿ'ಯವರು. ಮೂವರು ಮನುಷ್ಯರನ್ನು ಕೂರಿಸಿಕೊಂಡು ಒಂದು ಪುಟ್ಟ ಕ್ಷುದ್ರಗ್ರಹದ ಕಡೆಗೆ ಹೊರಡಲಿದ್ದ ನೌಕೆ ಅದು. ಯಾರಿಗೆ ಯಾವ ಹೊತ್ತು ಎಂದು ಹಂಚುವ ಕ್ಯಾಲೆಂಡರ್ ತಂತ್ರಾಂಶಕ್ಕೆ 'ಸರದಿ' ಎಂದು ಹೆಸರಿಟ್ಟಿದ್ದರು. ಸರದಿಯಲ್ಲಿ ಭೇಟಿಗಳನ್ನು ಗೊತ್ತುಮಾಡುವವಳು ಸರ್ವಮಂಗಳ.

ಹಗಲು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕಿ, ಸಂಜೆ ಕಾಲೇಜಿನಲ್ಲಿ ಓದಿ ಡಿಪ್ಲೊಮಾ ಪಡೆದವಳು ಅವಳು. ಇಂಥ ಜಾಗದಲ್ಲಿ ತನಗೆ ಕೆಲಸ ಸಿಕ್ಕಿದ್ದು ಎಲ್ಲೋ ಕೈತಪ್ಪಿನಿಂದ ಆಗಿರಬೇಕು, ಒಂದು ದಿನ ಯಾರಾದರೂ ಬಂದು "ಕ್ಷಮಿಸಿ, ನಿಮ್ಮನ್ನಲ್ಲ" ಎಂದುಬಿಡುತ್ತಾರೆ ಎಂಬ ಅಳುಕು ಅವಳಿಗೆ. ಅದಕ್ಕೇ ಪ್ರತಿ ಭೇಟಿಯನ್ನೂ ಒಂದಕ್ಕೆರಡು ಸಲ ನೋಡುತ್ತಿದ್ದಳು. ಆದರೆ ಗುಂಡಿ ಒತ್ತಿದ ಮೇಲೆ ಆ ಬಿಳಿ ಬಾಂಡ್ಲಿ ಗುರ್ರೆನ್ನುತ್ತ ಮೆಲ್ಲಗೆ ತಿರುಗುವುದನ್ನು ಕಿಟಕಿಯಿಂದ ಕಂಡಾಗಲೆಲ್ಲ ಅವಳ ಎದೆ ಹಬ್ಬದ ಬೆಳಗಿನಂತೆ ಹಿಗ್ಗುತ್ತಿತ್ತು. ತಾನು ಹೇಳಿದ ಹೊತ್ತಿಗೆ ತಿರುಗಿತಲ್ಲ!

ಮಿಂಚುಳ್ಳಿಯ ಪ್ರಯಾಣಿಕರಿಗೆ ತಿಂಗಳಿಗೆ ಎರಡು ಸಲ ಮನೆಯವರೊಡನೆ ಮಾತಾಡುವ ಹಕ್ಕಿತ್ತು. ನೌಕೆಯ ರೇಡಿಯೋ ಎಂಜಿನಿಯರ್ ಮೇದಿನಿಯ ಕಡೆಯಿಂದ ಭೇಟಿಯ ದಿನ ಗೊತ್ತುಮಾಡಲು ಬಂದವರು ಅವಳ ಇಬ್ಬರು ಅಜ್ಜಿಯರು. ತಾಯಿಯ ತಾಯಿ ಸುಬ್ಬಲಕ್ಷ್ಮಮ್ಮ ತುಮಕೂರಿನವರು. ತಂದೆಯ ತಾಯಿ ಇಂದಿರಾಬಾಯಿ ಧಾರವಾಡದವರು. ಮೇದಿನಿಯ ತಂದೆತಾಯಿ ಅವಳ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಮಗುವನ್ನು ಬೆಳೆಸಬೇಕೆಂದು ಒಂದೇ ಮನೆ ಮಾಡಿದ ಬೀಗಿತ್ತಿಯರು, ಅಂದಿನಿಂದ ಜಗಳವಾಡುತ್ತಲೇ ಆ ಮನೆಯಲ್ಲಿ ಸುಖವಾಗಿದ್ದರು.

"ಏಕಾದಶಿ ಹಾಕಮ್ಮ," ಎಂದರು ಸುಬ್ಬಲಕ್ಷ್ಮಮ್ಮ ಕೂರುವ ಮೊದಲೇ. "ಅವತ್ತು ಅಡುಗೆ ಇಲ್ಲ, ಗ್ಯಾಸ್ ಹಚ್ಚೋದಿಲ್ಲ. ಬೆಳಗಿಂದ ಕೈ ಖಾಲಿ. ಮಗು ಹತ್ರ ನೆಮ್ಮದಿಯಾಗಿ ಮಾತಾಡಬಹುದು."

ಸರ್ವಮಂಗಳ ಖುಷಿಯಿಂದ ಸರದಿಯ ಪಟ್ಟಿ ಇಳಿಸಿದಳು. ಮರುಕಳಿಕೆ: ಪ್ರತಿದಿನ, ಪ್ರತಿವಾರ, ಪ್ರತಿತಿಂಗಳು, ತಿಥಿಯಂತೆ. ತಿಥಿಯೂ ಇತ್ತು! ಏಕಾದಶಿ ಎಂದು ಒತ್ತಿದಳು. ತಿಂಗಳಿಗೆ ಎರಡೇ ಏಕಾದಶಿ, ಹಕ್ಕಿಗೂ ಸರಿಹೋಯಿತು. ಆದರೆ ತೆರೆಯ ಮೇಲೆ ಇನ್ನೊಂದು ಪ್ರಶ್ನೆ ಮೂಡಿತು: ಸ್ಮಾರ್ತವೋ, ಭಾಗವತವೋ?

"ಇದೇನಜ್ಜಿ?" ಎಂದಳು ಸರ್ವಮಂಗಳ. ಅವಳ ಮನೆಯಲ್ಲಿ ಉಪವಾಸವೆಂದರೆ ಶಿವರಾತ್ರಿ ಒಂದೇ.

"ಸ್ಮಾರ್ತ," ಎಂದರು ಸುಬ್ಬಲಕ್ಷ್ಮಮ್ಮ.

"ಭಾಗವತ," ಎಂದರು ಇಂದಿರಾಬಾಯಿ, ಅದೇ ಉಸಿರಿನಲ್ಲಿ.

ಹೆಚ್ಚಿನ ಸಲ ಇಬ್ಬರ ಏಕಾದಶಿಯೂ ಒಂದೇ ದಿನ ಬೀಳುತ್ತದೆ. ಬೆಳಕು ಹರಿಯುವ ಮುಂಚಿನ ಹೊತ್ತಿನಲ್ಲಿ ದಶಮಿ ಇನ್ನೂ ಒಂದಿಷ್ಟು ಉಳಿದಿದ್ದರೆ ಮಾತ್ರ ಸ್ಮಾರ್ತರದು ಆ ದಿನ, ಭಾಗವತವನ್ನು ಹಿಡಿಯುವ ಮಾಧ್ವರದು ಮರುದಿನ. ಇಷ್ಟು ತಿಳಿಯುವುದಕ್ಕೆ ಸರ್ವಮಂಗಳಳಿಗೆ ಅರ್ಧ ಗಂಟೆ ಹಿಡಿಯಿತು. ಏಕೆಂದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಲ್ಲೇ ತಿದ್ದುತ್ತಿದ್ದರು.

"ನೋಡವಾ ತಂಗಿ, ದಶಮಿ ಸೋಂಕಿದ ಏಕಾದಶಿ ನಮಗ ನಡಿಯಂಗಿಲ್ಲ," ಎಂದರು ಇಂದಿರಾಬಾಯಿ. "ಇವರು ಅವತ್ತ ಉಪವಾಸ ಇದ್ದು ಮರುದಿನ ಸಾರು ಒಗ್ಗರಣೀ ಹಾಕ್ತಾರ. ನಾ ಒಂದ್ ಹನಿ ನೀರೂ ಇಲ್ಲದ ಕೂತಿರತೀನಿ. ಆ ಇಂಗಿನ ವಾಸನೀ ಎಲ್ಲಿಗೆ ಹೋಗಬೇಕು?"

"ನಿಮ್ಮ ಮೂಗಿಗೆ ಯಾರು ಅಷ್ಟು ಚುರುಕಾಗಿರು ಅಂದ್ರು, ಬೀಗರೇ?" ಎಂದರು ಸುಬ್ಬಲಕ್ಷ್ಮಮ್ಮ. "ಪಂಚಾಂಗದಲ್ಲಿರೋದು ಒಂದೇ ಏಕಾದಶಿ."

"ಯಾವ ಪಂಚಾಂಗದಾಗ?"

ಜಗಳ ಪಂಚಾಂಗ ಬಿಟ್ಟು ಹಳೆಯ ಮದುವೆಯೊಂದರ ಊಟದ ಪಂಕ್ತಿಯ ಕಡೆಗೆ ಹರಿಯುವುದನ್ನು ಕಂಡು ಸರ್ವಮಂಗಳ ಗಾಬರಿಯಾದಳು. ಯಾರ ಮನಸ್ಸೂ ನೋಯಬಾರದೆಂದು ಎರಡೂ ಚೌಕಕ್ಕೆ ಗುರುತು ಹಾಕಿದಳು. ಒಂದೇ ದಿನ ಬಿದ್ದರೆ ಒಂದೇ ಭೇಟಿ. ಬೇರೆ ಬೇರೆ ಬಿದ್ದರೆ ಎರಡು ದಿನ, ಎರಡು ಭೇಟಿ. ಎರಡು ಸರಣಿ.

"ಕೊನೆಯ ದಿನಾಂಕ ಕೇಳ್ತಿದೆ ಅಜ್ಜಿ. ಮೇದಿನಿ ಮೇಡಂ ವಾಪಸ್ ಬರೋ ದಿನ ಹಾಕ್ಲಾ?"

"ಕೊನೀ ದಿನ ಅಂತ ಏನೂ ಬರೀಬ್ಯಾಡ ನೀ," ಎಂದು ಇಂದಿರಾಬಾಯಿ ಅವಳ ಕೈ ಹಿಡಿದೇಬಿಟ್ಟರು. "ಹುಡುಗಿ ಮ್ಯಾಲ ಹೊಂಟಾಳ. ಮೊದಲ ಆಕಿ ಬರಲಿ, ಆಮ್ಯಾಲ ಬರಿ."

ಆ ವಿಷಯದಲ್ಲಿ ಮಾತ್ರ ಸುಬ್ಬಲಕ್ಷ್ಮಮ್ಮನೂ ತಲೆಯಾಡಿಸಿದರು. ಆ ಜಾಗ ಖಾಲಿಯೇ ಉಳಿಯಿತು.

ಅಜ್ಜಿಯರು ಹೋದ ಮೇಲೆ ಸರ್ವಮಂಗಳಳಿಗೆ ಭಯ ಹತ್ತಿತು. ಎರಡು ಏಕಾದಶಿ ಬೇರೆಯಾಗಿ ಬಿದ್ದ ತಿಂಗಳಲ್ಲಿ ಮೇದಿನಿಗೆ ಹಕ್ಕಿಗಿಂತ ಹೆಚ್ಚು ಭೇಟಿ ಆಗುತ್ತದಲ್ಲ! ನಿರ್ದೇಶಕ ಡಾ. ಐವನ್ ಲೋಬೋ ಅವರಿಗೆ ಹೇಳಬೇಕೆಂದು ಎರಡು ಸಲ ಅವರ ಕೋಣೆಯ ಬಾಗಿಲವರೆಗೂ ಹೋದಳು. ಎರಡು ಸಲವೂ ಅವರು ಫೋನಿನಲ್ಲಿದ್ದರು. ಅಷ್ಟರಲ್ಲಿ ಉಡಾವಣೆ ಬಂತು, ಸಂಭ್ರಮ ಬಂತು. ಆ ಮಾತು ಗಂಟಲಿನಲ್ಲೇ ಉಳಿಯಿತು.

ಭೇಟಿಗಳು ಶುರುವಾದವು, ಮತ್ತು ಎಂಥ ಭೇಟಿಗಳು! ಇಲ್ಲಿ ಆಡಿದ ಮಾತು ನೌಕೆ ತಲುಪಲು ಏಳೆಂಟು ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. "ಊಟ ಆಯ್ತಾ?" ಎಂದು ಕೇಳಿ ಅಜ್ಜಿಯರು ಹತ್ತಿ ಬತ್ತಿ ಹೊಸೆಯುತ್ತ ಕೂರುತ್ತಿದ್ದರು. ಒಂದು ಹಿಡಿ ಬತ್ತಿ ಆಗುವ ಹೊತ್ತಿಗೆ ಆಕಾಶದಿಂದ "ಆಯ್ತಜ್ಜಿ, ನೀವು ಉಪವಾಸ ಅಂತ ಮರೆತ್ರಾ?" ಎಂದು ಬರುತ್ತಿತ್ತು. ನಿಯಂತ್ರಣ ಕೊಠಡಿಯವರೆಲ್ಲ ನಗುತ್ತಿದ್ದರು.

ಆಮೇಲೆ ಸೂರ್ಯನ ಮೇಲೆ ಒಂದು ದೊಡ್ಡ ಸ್ಫೋಟವಾಯಿತು. ಅದರ ಬಿರುಗಾಳಿ ಮಿಂಚುಳ್ಳಿಗೆ ಬಡಿಯಿತು. ನೌಕೆ ಮಾತು ನಿಲ್ಲಿಸಿತು.

ಒಂದು ದಿನ, ಎರಡು ದಿನ, ಒಂದು ವಾರ. ಪ್ರತಿದಿನದ ಕೆಲಸದ ಭೇಟಿಗೆ ಬಾಂಡ್ಲಿ ಸರಿಯಾಗಿ ತಿರುಗುತ್ತಿತ್ತು. ಆ ಕಡೆಯಿಂದ ಬರೀ ಮೊರೆತ. ಡಾ. ಲೋಬೋ ಗಡ್ಡ ಬೋಳಿಸುವುದನ್ನೂ ಬಿಟ್ಟರು. ಒಂದು ಬೆಳಿಗ್ಗೆ ಎಲ್ಲರನ್ನೂ ಸೇರಿಸಿ, ಬಿಳಿ ಹಲಗೆಯ ಮೇಲೆ ಬರೆದು ಹೇಳಿದರು.

"ನೋಡಿ, ನೌಕೆಯ ಮುಖ್ಯ ಕಂಪ್ಯೂಟರ್ ನೆನಪು ಕಳಕೊಂಡಿದೆ ಅಂತ ನನ್ನ ಲೆಕ್ಕ. ನಮ್ಮ ದಿನದ ಭೇಟಿಗಳೆಲ್ಲ ಇದ್ದದ್ದು ಅದರಲ್ಲಿ. ಅವು ಹೋದವು. ಒಳಗಿರುವವರಿಗೆ ಕೈಯಲ್ಲಿ ನೌಕೆಯ ಆಂಟೆನಾ ತಿರುಗಿಸ್ಲಿಕ್ಕೆ ಆಗುವುದಿಲ್ಲ. ಕೂದಲೆಳೆ ತಪ್ಪಿದರೂ ಕಿರಣ ಭೂಮಿಯ ಆಚೆ ಹೋಗ್ತದೆ. ಆದರೆ ರೇಡಿಯೋ ಪೆಟ್ಟಿಗೆಯ ಒಳಗೆ ಒಂದು ಸಣ್ಣ ಚಿಪ್ ಉಂಟು. ಮನೆಯವರ ಭೇಟಿಗಳನ್ನು ಬೇರೆಯಾಗಿ ಅದರಲ್ಲಿ ಇಟ್ಟಿದ್ದೇವೆ. ಹೊತ್ತು ಬಂದಾಗ ಅದು ಸೂರ್ಯನನ್ನು ನೋಡಿ, ಭೂಮಿ ಎಲ್ಲಿ ಅಂತ ಲೆಕ್ಕ ಹಾಕಿ, ತಾನೇ ಆಂಟೆನಾ ತಿರುಗಿಸ್ತದೆ. ಈಗ ನಮಗಿರುವ ಬಾಗಿಲು ಅದೊಂದೇ ಮಾರಾಯ್ರೆ."

ಉಳಿದ ಇಬ್ಬರು ಪ್ರಯಾಣಿಕರ ಮನೆಯವರು ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಇಟ್ಟುಕೊಂಡಿದ್ದರು. ಮೊದಲನೆಯದು ಮೊರೆತದಲ್ಲೇ ಕಳೆದಿತ್ತು. ಮೂರನೆಯದಕ್ಕೆ ಕಾಯುವಂತಿರಲಿಲ್ಲ. ನಾಲ್ಕು ದಿನದೊಳಗೆ ಮಿಂಚುಳ್ಳಿ ತನ್ನ ಎಂಜಿನ್ ಉರಿಸಿ ದಾರಿ ತಿರುಗಿಸದಿದ್ದರೆ ಮತ್ತೆ ಭೂಮಿಯ ಕಡೆಗೆ ಬರಲಾರದು. ಎಷ್ಟು ಹೊತ್ತು ಉರಿಸಬೇಕು, ಯಾವ ದಿಕ್ಕಿಗೆ ಎಂಬ ಲೆಕ್ಕ ಇಲ್ಲಿಂದಲೇ ಹೋಗಬೇಕು. ನಡುವೆ ಉಳಿದಿದ್ದು ಮೇದಿನಿಯ ಏಕಾದಶಿ ಒಂದೇ.

ಮರುದಿನವೇ ಏಕಾದಶಿ ಬಂತು. ಸುಬ್ಬಲಕ್ಷ್ಮಮ್ಮ ಒಬ್ಬರೇ ಬಂದರು. ಮೈಕಿನ ಮುಂದೆ ಕೂತು, ಬತ್ತಿ ಹೊಸೆಯದೆ, ಒಂದೇ ಸಮನೆ ಮಾತಾಡಿದರು. ಅವರ ಮಾತಿನ ಅಡಿಯಲ್ಲೇ ಇನ್ನೊಂದು ಎಳೆಯಲ್ಲಿ ಎಂಜಿನ್ ಉರಿಸುವ ಲೆಕ್ಕವೂ ಹೋಗುತ್ತಿತ್ತು. ಆದರೆ ನೌಕೆಯ ವೇಗ ಈಗ ಎಷ್ಟು, ತೊಟ್ಟಿಯಲ್ಲಿ ಇಂಧನ ಎಷ್ಟು ಎಂದು ಆ ಕಡೆಯಿಂದ ತಿಳಿಯದೆ ಆ ಲೆಕ್ಕ ಅರ್ಧವೇ. ಉತ್ತರ ಬರಲಿಲ್ಲ. ಗಂಟೆ ಮುಗಿಯುತ್ತ ಬಂದಾಗ ಮುದುಕಿಗೆ ಸಿಟ್ಟೇ ಬಂತು.

"ಮೇದಿನಿ, ಕೇಳಿಸ್ತಿದ್ಯೋ ಇಲ್ವೋ ನನಗೊತ್ತಿಲ್ಲ. ನಾಳೆ ನಿಮ್ಮ ಇಂದಿರಜ್ಜಿ ಬರ್ತಾರೆ, ಅವರದ್ದು ನಾಳೆ. ನನ್ನ ಹತ್ರ ತುಟಿ ಬಿಚ್ಚದೆ ನಾಳೆ ಅವರ ಹತ್ರ ಮಾತಾಡಿದ್ಯೋ, ಜನ್ಮದಲ್ಲಿ ನನ್ನ ಮುಂದೆ ಹೆಚ್ಚುಗಾರಿಕೆ ಹೊಡೀತಾರೆ ಆಕೆ! ತಿಳೀತಾ?"

ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು. ನಿರ್ದೇಶಕರು ಕೇಳಿಸಿಕೊಂಡರೇ ಎಂದು ಸರ್ವಮಂಗಳ ಸುತ್ತ ನೋಡಿದಳು. ನಾಳೆ! ನಾಳೆಯ ಆ ಹೆಚ್ಚುವರಿ ಭೇಟಿ! ಆದರೆ ಡಾ. ಲೋಬೋ ಆಗ ಹೊರಗೆ ಮೇಲಧಿಕಾರಿಗಳ ಜೊತೆ ಫೋನಿನಲ್ಲಿದ್ದರು. ಒಳಗೆ ಬಂದಾಗ ಅವರ ಮುಖ ಸೋತಿತ್ತು.

"ನಾಳೆ ಬೆಳಿಗ್ಗೆಯಿಂದ ಬಾಂಡ್ಲಿ ಮಂಗಳದ ಬಂಡಿಯವರಿಗೆ," ಎಂದರು. "ಇನ್ನು ಸಣ್ಣ ಆಂಟೆನಾಗಳಲ್ಲಿ ಕೇಳಿಸಿಕೊಳ್ಳುವುದು ಅಂತ ತೀರ್ಮಾನ ಆಗಿದೆ. ಸಣ್ಣದಕ್ಕೆ ಕೇಳುವುದಿಲ್ಲ ಅಂತ ಅವರಿಗೂ ಗೊತ್ತುಂಟು, ನನಗೂ ಗೊತ್ತುಂಟು. ಸರ್ವಮಂಗಳ, ಮಿಂಚುಳ್ಳಿಯ ಭೇಟಿಗಳನ್ನೆಲ್ಲ ತೆಗೆದುಬಿಡಿ. ನಾಳೆ ಬೆಳಿಗ್ಗೆಯೊಳಗೆ ಆದರೆ ಸಾಕು."

ಅವರು ಹೋದರು. ಅವಳು ಮೇದಿನಿಯ ಸರಣಿಯ ಮೇಲೆ ಬೆರಳಿಟ್ಟಳು. ಸರದಿ ತನ್ನ ಎಂದಿನ ಪ್ರಶ್ನೆ ಕೇಳಿತು: ಈ ಒಂದು ಭೇಟಿ ಮಾತ್ರವೇ, ಇಡೀ ಸರಣಿಯೇ?

ಉತ್ತರ ಒತ್ತಲು ಬೆರಳು ಏಳಲಿಲ್ಲ. ತೆರೆ ಆರಿಸಿ ಮನೆಗೆ ಹೋದಳು.

ಗಂಡ ರುದ್ರೇಶ ಸರ್ಕಾರಿ ಬಸ್ಸಿನ ಚಾಲಕ. ಅವತ್ತು ಬೇಗ ಬಂದು ಅವನೇ ಚಪಾತಿ ಬೇಯಿಸುತ್ತಿದ್ದ. ಹೆಂಡತಿಯ ಮುಖ ನೋಡಿ ಒಲೆ ಸಣ್ಣ ಮಾಡಿದ.

"ಏನೇ, ಆಕಾಶ ತಲೆ ಮೇಲೆ ಕಳಚಿ ಬಿದ್ದ ಥರ ಇದ್ದೀಯಲ್ಲ?"

ಅವಳು ಎಲ್ಲ ಹೇಳಿದಳು. ನಿಯಮ ಮೀರಿ ಎರಡು ಸರಣಿ ಹಾಕಿದ್ದು, ಹೇಳಲಾಗದೆ ಉಳಿದದ್ದು, ಈಗ ಸದ್ದಿಲ್ಲದೆ ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗದು ಎಂಬುದು. "ಹೇಳಿದ್ರೆ ಕೆಲಸ ಹೋಗುತ್ತೆ ಕಣ್ರೀ. ನಾನು ಅಲ್ಲಿಗೆ ಲಾಯಕ್ಕಾದವಳಲ್ಲ ಅಂತ ಅವರಿಗೂ ಖಾತ್ರಿಯಾಗುತ್ತೆ."

ರುದ್ರೇಶ ಚಪಾತಿ ಮಗುಚಿದ. "ನಾಳೆ ಬಸ್ಸಿಲ್ಲ ಅಂತ ಡಿಪೋದಲ್ಲಿ ಬೋರ್ಡ್ ಹಾಕ್ತೀವಿ ಅಂತಿಟ್ಕೋ. ಸ್ಟಾಪಲ್ಲಿರೋ ಜನಕ್ಕೆ ಅದು ಗೊತ್ತಾಗಿರುತ್ತಾ?"

"ಇಲ್ಲ."

"ಮತ್ತೆ ಅವರು ಬಂದು ನಿಂತಿರ್ತಾರಲ್ಲ?"

ಸರ್ವಮಂಗಳ ತಟ್ಟೆ ಹಿಡಿದವಳು ಹಾಗೇ ನಿಂತಳು. ಇಲ್ಲಿ ಅವಳು ಅಳಿಸಬಹುದು. ಆದರೆ ಮಾತೇ ನಿಂತಿರುವಾಗ ಅಲ್ಲಿಂದ ಅಳಿಸುವವರಾರು? ಆ ಪುಟ್ಟ ಚಿಪ್ಪಿನಲ್ಲಿ ಎರಡೂ ಸರಣಿ ಹಾಗೇ ಇವೆ! ನಾಳೆ ಹೊತ್ತಿಗೆ ಸರಿಯಾಗಿ ಆ ದೂರದ ಆಂಟೆನಾ ಸೂರ್ಯನನ್ನು ನೋಡಿ, ಲೆಕ್ಕ ಹಾಕಿ, ಭೂಮಿಯ ಕಡೆಗೆ ತಿರುಗಿಯೇ ತಿರುಗುತ್ತದೆ. ಇಲ್ಲಿ ಬಾಂಡ್ಲಿ ಮಾತ್ರ ಮಂಗಳನನ್ನು ನೋಡುತ್ತಿರುತ್ತದೆ.

"ರೀ!" ಎಂದು ಕೂಗಿದಳು. ತಟ್ಟೆ ಕೆಳಗೆ ಬಿತ್ತು. "ಅವರು ನಾಳೆಯೂ ಬರ್ತಾರೆ ಕಣ್ರೀ!"

ನಿರ್ದೇಶಕರ ನಂಬರು ಒತ್ತಿದಳು. ತಾನು ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು.  

"ಎಂತ ಹೇಳಿದ್ರಿ ನೀವು?" ಎಂದರು ಡಾ. ಲೋಬೋ. "ಇನ್ನೊಂದು ಏಕಾದಶಿಯಾ? ನಾಳೆಯಾ? ಯಾರ ಅನುಮತಿ ಕೇಳಿ ಹಾಕಿದ್ರಿ?"

"ಯಾರದ್ದೂ ಇಲ್ಲ ಸರ್. ಅಜ್ಜಿಗಳು ಜಗಳ ಆಡ್ತಿದ್ರು…"

"ನಾನು ಶುಕ್ರವಾರ ಮಾಂಸ ಬಿಡುವವನು, ನನಗೆ ಈ ಏಕಾದಶಿ ಎಲ್ಲ ಅರ್ಥ ಆಗುವುದಿಲ್ಲ. ಒಂದು ಹೇಳಿ. ಅದು ಚಿಪ್ಪಿಗೆ ಹೋಗಿದೆಯಾ? ಖಂಡಿತವಾ?"

"ಹೋಗಿದೆ ಸರ್. ಹಿಂದೆ ಒಂದ್ಸಲ, ನೀವು ರಜೆಯಲ್ಲಿದ್ದಾಗ, ಎರಡು ದಿನ ಬಿದ್ದಿತ್ತು. ಎರಡೂ ದಿನ ಮೇಡಂ ಬಂದಿದ್ರು."

ಫೋನಿನಲ್ಲಿ ಕುರ್ಚಿ ಉರುಳಿದ ಸದ್ದಾಯಿತು. "ಓ ದೇವರೇ! ಒಂದು ಗಂಟೆ. ಕಾಲು ಹಿಡಿದಾದರೂ ಬಂಡಿಯವರ ಹತ್ತಿರ ಒಂದು ಗಂಟೆ ತೆಗೊಳ್ತೇನೆ. ಸರ್ವಮಂಗಳ, ನಿಯಮ ಮುರಿದದ್ದಕ್ಕೆ ನಿಮಗೆ ನಾಳೆ ಸಂಜೆ ಬೈತೇನೆ. ನೆನಪು ಮಾಡಿ. ಈಗ ಪುರುಸೊತ್ತಿಲ್ಲ!"

ಮರುದಿನ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಯಾಂಟೀನಿನವರು, ಕಾವಲುಗಾರರು, ಒಂದು ಗಂಟೆ ಬಿಟ್ಟುಕೊಟ್ಟು ತಾವೂ ನೋಡಲು ಬಂದ ಬಂಡಿಯವರು. ಇಂದಿರಾಬಾಯಿ ನೀರೂ ಮುಟ್ಟದೆ ಬಂದು ಮೈಕಿನ ಮುಂದೆ ಕೂತರು. ಹಿಂದೆಯೇ, ಉಪವಾಸ ಮುರಿಯುವ ದ್ವಾದಶಿಯ ಪಾರಣೆ ಊಟ ಮುಗಿಸಿದ ಸುಬ್ಬಲಕ್ಷ್ಮಮ್ಮ. ಅಪರೂಪಕ್ಕೆ ಇಂಗು ಹಾಕದೆ ಸಾರು ಮಾಡಿದ್ದರಂತೆ.

ಬಾಂಡ್ಲಿ ಗುರ್ರೆನ್ನುತ್ತ ತಿರುಗಿತು. ಸರ್ವಮಂಗಳ ಕಿಟಕಿಯ ಕಡೆ ನೋಡಲಿಲ್ಲ. ತಾನು ಹೇಳಿದ್ದು ಸುಳ್ಳಾಗಿದ್ದರೆ? ಹಿಂದೊಮ್ಮೆ ಎರಡೂ ದಿನ ಭೇಟಿ ನಡೆದದ್ದು ಗೊತ್ತಿದ್ದೂ ಅವಳಿಗೆ ಅಳುಕು: ಅವತ್ತು ಗುರುತು ಹಾಕಿದ ಮೇಲೆ ಉಳಿಸುವ ಗುಂಡಿ ಒತ್ತಿದ್ದು ನಿಜವೇ? ಒತ್ತಿದ್ದೆ. ಒತ್ತಿದ್ದೆನೇ? 

"ಮೇದಿನೀ, ನಾ ಇಂದಿರಜ್ಜಿ ಮಾತಾಡ್ಲಿಕ್ಕತ್ತೀನಿ," ಎಂದರು ಇಂದಿರಾಬಾಯಿ. "ನಮ್ಮ ಏಕಾದಶಿ ಇವತ್ತ ಅದ ಅಂತ ನಿನಗ ಗೊತ್ತದ. ಹ್ಞೂಂ, ಮಾತಾಡು."

ಇಬ್ಬರು ಅಜ್ಜಿಯರೂ ಬತ್ತಿ ಹೊಸೆಯತೊಡಗಿದರು. ಒಂದು, ಎರಡು, ಹಿಡಿ ತುಂಬಿತು. ಮೊರೆತ. ಇನ್ನೊಂದು ಹಿಡಿ. ಮೊರೆತವೇ. ಬಂಡಿಯವರಲ್ಲಿ ಒಬ್ಬ ಗಡಿಯಾರ ನೋಡಿಕೊಂಡ.

ಆಗ ತೆರೆಯ ಮೇಲೆ ಅಡ್ಡಡ್ಡ ಮಲಗಿದ್ದ ಗೆರೆ ಒಮ್ಮೆ ಮಿಸುಕಿತು.

"ತಡಿ, ತಡಿ!" ಎಂದು ಡಾ. ಲೋಬೋ ಸುಮ್ಮನಿದ್ದವರಿಗೇ ಗದರಿದರು. ಗೆರೆ ಮತ್ತೆ ಎದ್ದಿತು. ಇರುವೆ ಸಾಲಿನಂತೆ ಅಂಕಿಗಳು ಹರಿದು ಬಂದವು: ವೇಗ, ಇಂಧನ, ಮೂವರ ನಾಡಿ. ಮೂವರದ್ದು! ಅಂಕಿಗಳ ಹಿಂದೆ, ಬಿರುಕು ಬಿಟ್ಟ ತಗಡಿನ ದನಿಯಲ್ಲಿ, ಮೇದಿನಿ:

"ಇಂದಿರಜ್ಜಿ… ಬಂದೆ. ಸುಬ್ಬಜ್ಜಿಗೆ ಹೇಳಿ, ನಿನ್ನೆ ಕೇಳಿಸ್ತು. ಬೈದಿದ್ದೂ ಕೇಳಿಸ್ತು. ರೇಡಿಯೋಗೆ ಕಿವಿ ಇತ್ತು, ಬಾಯಿ ಇರಲಿಲ್ಲ, ಕಳಿಸೋ ಭಾಗ ಸುಟ್ಟಿತ್ತು. ನಾಳೆ ನೀವು ಬರ್ತೀರಿ ಅಂದ್ರಲ್ಲ, ಅದಕ್ಕೇ ಮೂರು ಜನವೂ ಸೇರಿ ರೇಡಾರ್ ಬಿಚ್ಚಿ, ಅದರ ಭಾಗ ತೆಗೆದು, ರೇಡಿಯೋಗೆ ಹೊಸ ಬಾಯಿ ಜೋಡಿಸಿದ್ವಿ. ಇನ್ನೊಂದು ಏಕಾದಶಿ ಇದೆ ಅಂತ ಗೊತ್ತಿಲ್ಲದಿದ್ರೆ ಇಷ್ಟು ಅವಸರ ಮಾಡ್ತಿರಲಿಲ್ಲ. ಲೆಕ್ಕ ಕಳಿಸಿ, ಬೇಗ!"

ಕೊಠಡಿ ಸ್ಫೋಟಿಸಿತು. ಯಾರೋ ಶಿಳ್ಳೆ ಹಾಕಿದರು. ಕ್ಯಾಂಟೀನಿನ ಭಟ್ಟರು ತಟ್ಟೆಯನ್ನೇ ಜಾಗಟೆ ಮಾಡಿ ಬಾರಿಸಿದರು. ಡಾ. ಲೋಬೋ ಬಂಡಿಯವರನ್ನು ತಬ್ಬಿಕೊಂಡು, ಮರುಕ್ಷಣ ಲೆಕ್ಕದವರ ಕಡೆಗೆ ಓಡಿದರು. ಗಂಟೆ ಮುಗಿಯುವಷ್ಟರಲ್ಲಿ ಪೂರ್ತಿ ಲೆಕ್ಕ ಹೋಯಿತು, ಅದರ ಜೊತೆಗೇ ಸರ್ವಮಂಗಳ ಹೊಸದಾಗಿ ಕಟ್ಟಿದ ಪ್ರತಿದಿನದ ಭೇಟಿಯ ಸರಣಿಯೂ, ಈ ಸಲ ನೇರ ಚಿಪ್ಪಿಗೇ. "ಸಿಕ್ತು" ಎಂಬ ಒಂದು ಪದ ಹಿಂದಿರುಗಿ ಬಂದಾಗ ಸುಬ್ಬಲಕ್ಷ್ಮಮ್ಮ ಬೀಗಿತ್ತಿಯ ಹೆಗಲ ಮೇಲೆ ತಲೆಯಿಟ್ಟು ಅತ್ತರು.

"ನಿಮ್ಮ ಏಕಾದಶಿನೇ ಗೆದ್ದಿತು ಬಿಡಿ," ಎಂದರು. "ಇನ್ಮೇಲೆ ನಾನೂ ಎರಡೂ ದಿನ ಉಪವಾಸ ಇರ್ತೀನಿ."

"ಏನೂ ಬ್ಯಾಡ್ರಿ. ನಿಮಗ ಶುಗರ್ ಅದ," ಎಂದರು ಇಂದಿರಾಬಾಯಿ, ತಾವೂ ಕಣ್ಣೊರೆಸಿಕೊಳ್ಳುತ್ತ. "ಹೇಳಿದ್ದು ನೀವು, ಕೇಳಿದ್ದು ಆಕಿ. ನಂದೇನದ ಇದರಾಗ?"

ಎರಡು ದಿನದ ಮೇಲೆ ಮಿಂಚುಳ್ಳಿ ಎಂಜಿನ್ ಉರಿಸಿತು. ತೆರೆಯ ಮೇಲೆ ಅದರ ದಾರಿಯ ಗೆರೆ ಸರಿಯಾದ ಕಡೆಗೆ ಬಾಗಿತು. ಆ ಸಂಜೆ ಸಿಹಿ ಹಂಚುವ ಗದ್ದಲದಲ್ಲಿ ಸರ್ವಮಂಗಳ ಡಾ. ಲೋಬೋ ಅವರ ಮುಂದೆ ಹೋಗಿ ನಿಂತಳು.

"ಸರ್, ಬೈತೀನಿ, ನೆನಪು ಮಾಡಿ ಅಂದಿದ್ರಿ. ಅವತ್ತು ಸಂಜೆ ನೀವು ಕೆಲಸದಲ್ಲಿದ್ರಿ. ಅದಕ್ಕೇ ಇವತ್ತು ನೆನಪು ಮಾಡ್ತಿದ್ದೀನಿ."

ಬಾಯ್ತುಂಬ ಮೈಸೂರು ಪಾಕಿದ್ದ ನಿರ್ದೇಶಕರು ಕೆಮ್ಮಿದರು. "ಅದನ್ನು ಸರದಿಯಲ್ಲಿ ಹಾಕಿ. ಪ್ರತಿ ಏಕಾದಶಿ ಬೈತೇನೆ."

"ಯಾವ ಏಕಾದಶಿ ಸರ್?"

ಅವರು ನಗುತ್ತ ನಗುತ್ತ ಕುರ್ಚಿ ಹಿಡಿದುಕೊಂಡರು. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ಅವಳ ಕೈಗಿತ್ತರು. "ಹೊಸ ದಾರಿಯ ಲೆಕ್ಕ ಬಂತು. ಅವರು ಇಳಿಯುವ ದಿನ. ನಿಮ್ಮ ಅಜ್ಜಿಯಂದಿರಿಗೆ ನೀವೇ ತಿಳಿಸಿ."

ಅಜ್ಜಿಯರು ಅವಳ ಮೇಜಿನ ಬಳಿಯೇ ಕೂತಿದ್ದರು. ಅವಳು ಸರಣಿಗಳನ್ನು ತೆರೆದಳು. ಕೊನೆಯ ದಿನಾಂಕದ ಜಾಗ ಇನ್ನೂ ಖಾಲಿ. ಈ ಸಲ ಅವಳು ಅನುಮತಿ ಕೇಳಲು ಇಂದಿರಾಬಾಯಿಯವರ ಮುಖ ನೋಡಿದಳು.

"ಈಗ ಬರಿ ತಂಗೀ," ಎಂದರು ಅವರು.  "ಈಗ ಬರೀಬಹುದು."

ಸರ್ವಮಂಗಳ ದಿನಾಂಕ ಒತ್ತಿದಳು. ಸರದಿ ತಾನಾಗಿಯೇ ಅದರ ಪಕ್ಕದಲ್ಲಿ ತಿಥಿ ತೋರಿಸಿತು: ದ್ವಾದಶಿ.

"ಪಾರಣೆ ದಿನ!" ಎಂದು ಸುಬ್ಬಲಕ್ಷ್ಮಮ್ಮ ಎದ್ದೇ ನಿಂತರು. "ಬೆಳಗ್ಗೆನೇ ಪಾಯಸ ಮಾಡಿ ಕಾಯ್ತೀನಿ, ಮಗು ಬಂದಿಳಿಯೋ ಹೊತ್ತಿಗೆ…"

"ಸ್ವಲ್ಪ ನಿಂದರ್ರಿ," ಎಂದರು ಇಂದಿರಾಬಾಯಿ, ಕನ್ನಡಕ ಏರಿಸಿ ತೆರೆಗೆ ಮೂಗು ತಾಗಿಸುತ್ತ. "ಅದು ನಿಮ್ಮ ದ್ವಾದಶಿನೋ, ನಮ್ಮದೋ?"